ಮೂರನೇ ದಿನದ ಹಾಲು

ನಮ್ಮ ಪಂಕಜಾಳನ್ನು ನೀವು ನೋಡಿರುತ್ತೀರಿ, ಗುರುತು ಹಿಡಿದಿರುವುದಿಲ್ಲ ಅಷ್ಟೇ. ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಬೆಳಿಗ್ಗೆ ಏಳೂವರೆಗೆ ಆಫೀಸಿಗೆ ಓಡುವಾಗ ಮುಂದೆ ಹಳದಿ ಸ್ಕೂಲ್ ಬಸ್ಸು ಕೆಂಪು ದೀಪ ಹಾಕಿ ನಿಂತುಬಿಟ್ಟರೆ, ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುತ್ತ ಶಪಿಸುತ್ತೀರಲ್ಲ, ಆ ಬಸ್ಸು ಓಡಿಸುವವಳು ಪಂಕಜಾ. ಅದೇ ಬಸ್ಸಿನಲ್ಲಿ ಮಕ್ಕಳಿಗೆ ಬೆಲ್ಟು ಬಿಗಿದು, ಮೂಗು ಒರೆಸಿ, ಜಗಳ ಬಿಡಿಸುವ ಏಡ್ ನಾನು, ಸಲ್ಮಾ. ಹನ್ನೊಂದು ವರ್ಷದಿಂದ ಇಬ್ಬರದೂ ಒಂದೇ ಬಸ್ಸು. ನಾನು ಮಂಡ್ಯ ಪೇಟೆಯವಳು, ಅವಳು ಪಾಂಡವಪುರದ ಕಡೆಯ ಹಳ್ಳಿಯವಳು. ಮೊದಲ ದಿನ ಡಿಪೋದಲ್ಲಿ ನಾನು ಫೋನಿನಲ್ಲಿ ಮಂಡ್ಯದ ಮನೆಯ ಬಾಡಿಗೆದಾರನನ್ನು ಕನ್ನಡದಲ್ಲಿ ಜಾಡಿಸುತ್ತಿದ್ದೆ. ಓಡಿಬಂದು ಕೈ ಹಿಡಿದುಕೊಂಡಳು. "ಅಯ್ಯೋ, ನಮ್ಮೂರ ಬೈಗುಳ ಕೇಳಿ ಎಷ್ಟು ದಿನ ಆಗಿತ್ತು ಕಣಕ್ಕ! ಇನ್ನೊಂದೆರಡು ಬಯ್ಯಿ" ಅಂದಳು.

ಪ್ರತಿ ಟ್ರಿಪ್ಪು ಮುಗಿದ ಮೇಲೆ ಡ್ರೈವರು ಬಸ್ಸಿನ ಕೊನೆಯವರೆಗೂ ನಡೆದು ಒಂದೊಂದು ಸೀಟೂ ನೋಡಬೇಕು. ನಿದ್ದೆ ಹೋದ ಮಗು ಒಳಗೇ ಉಳಿದುಬಿಡಬಾರದು ಅಂತ ಈ ನಿಯಮ. ಉಳಿದ ಡ್ರೈವರುಗಳು ದಡದಡ ಹೋಗಿ, ನೋಡಿದ್ದಾಯಿತು ಎಂದು ಹಿಂದಿನ ಗುಂಡಿ ಒತ್ತಿ ಬಂದುಬಿಡುತ್ತಾರೆ. ಪಂಕಜಾ ಹಾಗಲ್ಲ. ಸೀಟಿನ ಕೆಳಗೆ ಬಗ್ಗಿ ಕೈಯಾಡಿಸುತ್ತಾಳೆ. ನಾನು "ಸಾಕು ಬಾರೇ, ಚಳಿಗೆ ಸಾಯ್ತಿದೀನಿ" ಅಂದರೆ, "ನೋಡೋದು ಬೇರೆ, ಮುಟ್ಟಿ ನೋಡೋದು ಬೇರೆ ಸಲ್ಮಕ್ಕ" ಅನ್ನುತ್ತಾಳೆ. ಇಂಥವಳ ಕೈಯಿಂದಲೇ ಒಬ್ಬಳು ತಪ್ಪಿಹೋದಳು. ಅದನ್ನು ಹೇಳಲು ಕೂತಿದ್ದೇನೆ, ಹೇಳುವಾಗ ನನ್ನ ಬಾಯಿ ಸ್ವಲ್ಪ ಕೆಟ್ಟರೆ ಸಹಿಸಿಕೊಳ್ಳಿ.

ಕಳೆದುಹೋದವಳು ಅವಳ ತಂಗಿ ಸಿಂಧು. ತಂಗಿ ಅನ್ನುವುದು ಹೆಸರಿಗೆ ಮಾತ್ರ. ತಾಯಿ ಸತ್ತಾಗ ಸಿಂಧುಗೆ ಎರಡು ವರ್ಷ, ಪಂಕಜಾಗೆ ಇಪ್ಪತ್ತು. ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದ ಮಗು ಅದು. ಹರಿಯನ್ನು ಮದುವೆಯಾಗಿ ನ್ಯೂಜೆರ್ಸಿಗೆ ಬಂದಾಗ ಗಂಡನ ಮುಖ ನೋಡುವುದು ಬಿಟ್ಟು ಆ ಹುಡುಗಿಗಾಗಿ ಒಂದು ವರ್ಷ ಅತ್ತಳಂತೆ. ಹರಿ ಮಾತು ಕಡಿಮೆಯ ಮನುಷ್ಯ, ಕಟ್ಟಡಗಳ ನಕ್ಷೆ ಬರೆಯುವ ಕೆಲಸ. "ಕರೆಸ್ಕೊಳ್ಳೋಣ ಬಿಡು" ಅಂದ. ಸಿಂಧು ಡಿಗ್ರಿ ಮುಗಿಸಿದಾಗ ಎಂಎಸ್ ಓದಲು ಇಲ್ಲಿಗೇ ಕರೆಸಿಕೊಂಡರು. ಆಮೇಲೆ ಪಂಕಜಾನೇ ಮುಂದೆ ನಿಂತು ಗಂಡು ಹುಡುಕಿದಳು. ಮದ್ದೂರಿನ ಕಡೆಯವರು, ತಮ್ಮದೇ ಒಕ್ಕಲಿಗರ ಮನೆತನ, ಹುಡುಗ ವಿಕ್ರಾಂತ್ ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರು, ಇಲ್ಲೇ ಮನ್ರೋ ಊರಿನಲ್ಲಿ ಹೊಸ ಮನೆ. ಅವನ ತಾಯಿ ನಿಂಗಮ್ಮ ಎರಡು ಬೇಸಿಗೆ ಬಂದು ಮಗನ ಮನೆಯಲ್ಲಿದ್ದರು. ಆಕೆಯ ಮೇಲೆ ಸುಳ್ಳು ಹೇಳಬಾರದು, ಒಳ್ಳೆಯ ಹೆಂಗಸು. ರಂಜಾನಿನಲ್ಲಿ ನನಗೆಂದೇ ರಾಗಿ ಹುರಿಹಿಟ್ಟು ಕಲಸಿ ಡಬ್ಬಿಯಲ್ಲಿ ಕಳಿಸಿದ್ದರು.

ಮಗ ಮಾತ್ರ ಬೇರೆ ಮಾಲು. ಹೊರಗೆ ನಗುನಗುತ್ತ ಆಂಟಿ ಆಂಟಿ ಅನ್ನುತ್ತಿದ್ದ. ಒಳಗೆ ಇಪ್ಪತ್ನಾಲ್ಕು ಗಂಟೆ ಅನುಮಾನ. ಇನ್ನೊಂದು ಏನೆಂದರೆ ಭಯಂಕರ ಪುಕ್ಕಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸದಾ ಒಂದು ಒಣನಿಂಬೆಹಣ್ಣು. ಅಮಾವಾಸ್ಯೆಯ ದಿನ ವರ್ಕ್ ಫ್ರಮ್ ಹೋಮ್. ಮನೆಯ ಹಿಂದೆ ಹಳೇ ಸ್ಮಶಾನ ಇದೆ ಅಂತ ಗೊತ್ತಾಗಿ ಮೊದಲು ನೋಡಿದ್ದ ಮನೆಯ ಡೀಲನ್ನೇ ಬಿಟ್ಟವನು. ಸಿಂಧು ಇದನ್ನೆಲ್ಲ ಹೇಳಿ ನಗಿಸುತ್ತಿದ್ದಳು. ಆಮೇಲಾಮೇಲೆ ನಗಿಸುವುದನ್ನು ನಿಲ್ಲಿಸಿದಳು.

ಆ ವರ್ಷ ಮಾರ್ಚಿನಲ್ಲಿ ಅಕ್ಕನ ಅಡುಗೆಮನೆಯಲ್ಲಿ ಕೂತು ತೋಳು ಎತ್ತಿ ತೋರಿಸಿದಳು. ನೀಲಿಗಟ್ಟಿತ್ತು. ಬಿಟ್ಟು ಬರುತ್ತೇನೆ, ಲಾಯರನ್ನು ಕಂಡಿದ್ದೇನೆ ಅಂದಳು. ಪಂಕಜಾ ಏನು ಹೇಳಿದಳು ಗೊತ್ತೇ? "ಸ್ವಲ್ಪ ಹೊಂದ್ಕೊಂಡು ಹೋಗು ಮಗ. ನಿಂಗಮ್ಮತ್ತೆಗೆ ನಾನು ಮಾತಾಡ್ತೀನಿ" ಅಂದಳು. ಇದನ್ನು ನನಗೆ ಹೇಳಿದ್ದು ಅವಳೇ. ಖಾಲಿ ಬಸ್ಸಿನಲ್ಲಿ, ಹಣೆಯನ್ನು ಸ್ಟಿಯರಿಂಗಿಗೆ ಚಚ್ಚಿಕೊಳ್ಳುತ್ತ ಹೇಳಿದಳು. ನಾನು ಸಮಾಧಾನ ಮಾಡಲಿಲ್ಲ.

ಮೇ ತಿಂಗಳ ಒಂದು ಶನಿವಾರದಿಂದ ಸಿಂಧುವಿನ ಫೋನು ಎತ್ತುವವರಿಲ್ಲ. ಭಾನುವಾರ ವಿಕ್ರಾಂತನೇ ಫೋನ್ ಮಾಡಿದ. "ಸಿಂಧು ಮನೆ ಬಿಟ್ಟು ಹೋದ್ಲು ಅತ್ತಿಗೆ. ಯಾರೋ ಇದ್ದಾನೆ. ನಿಮಗೆ ಗೊತ್ತಿರ್ಬೇಕಲ್ಲ?" ಅಂದ. ಎಂಥ ಧೈರ್ಯ ನೋಡಿ! ಪುಕ್ಕಲನಿಗೆ ಅಷ್ಟು ಮಾತ್ರ ಧೈರ್ಯ ಎಲ್ಲಿಂದ ಬಂತೋ. ಪಾಸ್‌ಪೋರ್ಟು ಮನೆಯಲ್ಲೇ, ಕನ್ನಡಕ ಮನೆಯಲ್ಲೇ. ಕನ್ನಡಕ ಇಲ್ಲದೆ ನಾಲ್ಕಡಿ ಮುಂದಿದ್ದ ಬಾಗಿಲು ಕಾಣದ ಹುಡುಗಿ ಯಾರ ಜೊತೆ ಓಡಿಹೋಗುತ್ತಾಳೆ ಸ್ವಾಮಿ? ಆದರೆ ನಮ್ಮ ಜನಕ್ಕೆ ಅಷ್ಟು ಸಾಕು. ದೇವಸ್ಥಾನದ ಊಟದ ಹಾಲಿನಲ್ಲಿ, ಯುಗಾದಿಯ ಫೋಟೋ ಹಾಕುವ ವಾಟ್ಸಾಪ್ ಗುಂಪಿನಲ್ಲಿ, ಎಲ್ಲೆಲ್ಲೂ "ಓಡಿಹೋದಳಂತೆ". ಒಬ್ಬ ಹೆಂಗಸು ನನ್ನೆದುರೇ "ಅಕ್ಕ ಬಸ್ಸು ಓಡಿಸೋಕೆ ಹೋದ್ರೆ ತಂಗಿ ಮೇಲೆ ನಿಗಾ ಎಲ್ಲಿರುತ್ತೆ" ಅಂದಳು. ಆ ದಿನ ನಾನು ಆಕೆಗೆ ಏನಂದೆ ಅಂತ ಹೇಳಿದರೆ ನೀವು ಇಲ್ಲಿಂದ ಎದ್ದು ಹೋಗುತ್ತೀರಿ.

ಪಂಕಜಾ ಅಳಲಿಲ್ಲ. ಪೊಲೀಸರ ಬೆನ್ನು ಬಿದ್ದಳು. ಬೆಳಿಗ್ಗೆಯ ಟ್ರಿಪ್ಪು ಮುಗಿಸಿ ಮಧ್ಯಾಹ್ನದ ಟ್ರಿಪ್ಪಿನ ತನಕ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತಿದ್ದಳು, ಊಟದ ಡಬ್ಬಿ ಸಮೇತ. ಕೊನೆಗೆ ಕೇಸು ಮೊರೆನೊ ಎಂಬ ಡಿಟೆಕ್ಟಿವ್ ಹೆಂಗಸಿನ ಕೈಗೆ ಬಂತು. ಆಕೆ ಮೊದಲ ದಿನವೇ ಬೆಂಚಿನ ಹತ್ತಿರ ಬಂದು, ನಿನಗೆ ಏನು ಬೇಕು ಹೇಳು ಅಂದಳಂತೆ. "ನನ್ನ ತಂಗಿ ಬೇಕು. ಅವನು ಕೈಗೆ ಕೋಳ ಹಾಕ್ಸ್ಕೊಂಡಿದ್ದು ನೋಡ್ಬೇಕು. ಮೂರನೇದು ಏನೂ ಬ್ಯಾಡ" ಅಂದಳು ಪಂಕಜಾ.

ಸೆಪ್ಟೆಂಬರಿನ ಹೊತ್ತಿಗೆ ಮೊರೆನೊ ಕೈಯಲ್ಲಿ ಇದ್ದದ್ದು ಇಷ್ಟು. ಆ ಶನಿವಾರ ಬೆಳಗಿನ ಜಾವ ದಕ್ಷಿಣದ ಪೈನ್ ಬ್ಯಾರೆನ್ಸ್ ಕಾಡಿನ ರಸ್ತೆಯಲ್ಲಿ ಎರಡು ಕ್ಯಾಮೆರಾಗಳು ವಿಕ್ರಾಂತನ ಕಾರಿನ ನಂಬರ್ ಪ್ಲೇಟು ಹಿಡಿದಿದ್ದವು. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಆರು ಮೈಲಿ, ಆರು ಮೈಲಿಗೆ ಅವನಿಗೆ ನಾಲ್ಕು ಗಂಟೆ ಹಿಡಿದಿತ್ತು. ಸೋಮವಾರ ಮತ್ತೆ ಅದೇ ರಸ್ತೆ, ಆದರೆ ಆ ದಿನ ಇನ್ನೂ ಹನ್ನೆರಡು ಮೈಲಿ ಮುಂದೆ ಹೋಗಿ ಒಂದು ಅಂಗಡಿಯಲ್ಲಿ ಕಾರ್ಡು ಉಜ್ಜಿದ್ದ. ಕೇಳಿದ್ದಕ್ಕೆ ಮನಸ್ಸು ಕೆಟ್ಟಿತ್ತು, ಹೈಕಿಂಗ್ ಹೋಗಿದ್ದೆ ಅಂದ. ಹೈಕಿಂಗ್ ಹೋಗುವುದು ಅಪರಾಧವಲ್ಲ. ಹೆಣ ಸಿಗದೆ ಅವನನ್ನು ಹಿಡಿದಿಡುವುದು ಆಗುವುದಿಲ್ಲ ಅಂತ ಸರ್ಕಾರಿ ವಕೀಲರು ಹೇಳಿಬಿಟ್ಟರು. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಅವನು ಕಂಪನಿಯಲ್ಲಿ ಹೇಳಿ ಬೆಂಗಳೂರಿಗೆ ಟ್ರಾನ್ಸ್‌ಫರ್ ಮಾಡಿಸಿಕೊಂಡಿದ್ದ, ಅಕ್ಟೋಬರ್ ಹದಿನೈದಕ್ಕೆ ವಿಮಾನ. ಒಮ್ಮೆ ಆ ವಿಮಾನ ಹತ್ತಿದರೆ ಮುಗಿಯಿತು, ಅವನನ್ನು ಮತ್ತೆ ಇಲ್ಲಿಗೆ ಎಳೆದು ತರುವುದರೊಳಗೆ ನಾವೆಲ್ಲ ಮುದುಕಿಯರಾಗಿರುತ್ತಿದ್ದೆವು.

ಹುಡುಕುವ ತಂಡ ಆಗಲೇ ಎರಡು ವಾರ ಕಾಡು ಜಾಲಾಡಿತ್ತು. ಜಾಲಾಡಿದ್ದು ಆ ಅಂಗಡಿಯ ಸುತ್ತ. ಹೂತವನು ಎರಡು ದಿನ ಬಿಟ್ಟು ಯಾಕೆ ವಾಪಸು ಬರುತ್ತಾನೆ? ಜಾಗ ಸರಿಯಿಲ್ಲ ಅನಿಸಿ ಹೆಣವನ್ನು ಮುಂದೆ ಸಾಗಿಸಲು. ಇದು ಅವರ ತರ್ಕ. ತಪ್ಪೇನೂ ಅಲ್ಲ, ಅವರ ಪಾಠದಲ್ಲಿ ಹಾಗೇ ಇರುತ್ತದೆ.

ಆ ಮಧ್ಯಾಹ್ನ ಮೊರೆನೊ ಬಂದಾಗ ನಾನೂ ಪಂಕಜಾಳ ಅಡುಗೆಮನೆಯಲ್ಲಿದ್ದೆ. ಆಕೆ ಹೇಳುತ್ತ ಹೇಳುತ್ತ, ಅಂಗಡಿಯಲ್ಲಿ ಅವನು ಕೊಂಡದ್ದು ಅರ್ಧ ಗ್ಯಾಲನ್ ಹಾಲು ಮಾತ್ರ, ಅಲ್ಲಿಂದ ಏನೂ ಸುಳಿವಿಲ್ಲ ಅಂದಳು.

ಪಂಕಜಾಳ ಕೈಯಲ್ಲಿದ್ದ ಚಹಾದ ಲೋಟ ಹಾಗೇ ನಿಂತಿತು. "ಹಾಲಾ? ಅವ್ನಿಗೆ ಹಾಲು ಆಗಲ್ಲ. ಕಾಫಿಗೂ ಓಟ್ ಮಿಲ್ಕೇ."

ನಾನು ಅವಳ ಮುಖ ನೋಡಿದೆ. ಬೆರಳು ಮಡಿಸುತ್ತಿದ್ದಳು. ಶನಿವಾರ, ಭಾನುವಾರ, ಸೋಮವಾರ.

"ಮೂರನೇ ದಿನ ಸಲ್ಮಕ್ಕ! ಹಾಲು-ತುಪ್ಪ!"

ಮಂಡ್ಯದಲ್ಲಿ ಹುಟ್ಟಿದವಳಿಗೆ ಅದನ್ನು ಬಿಡಿಸಿ ಹೇಳಬೇಕೆ? ನಮ್ಮ ಬೀದಿಯಲ್ಲಿ ಯಾವ ಗೌಡರ ಮನೆಯಲ್ಲಿ ಸಾವಾದರೂ ಮೂರನೇ ದಿನ ತಟ್ಟೆ ಹಿಡಿದು ಗುಡ್ಡೆಯ ಹತ್ತಿರ ಹೋಗುತ್ತಿದ್ದರು. ಹೂತ ಮಣ್ಣಿನ ಮೇಲೆ ಹಾಲು ಬಿಟ್ಟು, ತುಪ್ಪ ಬಿಟ್ಟು, ನವಧಾನ್ಯ ಚೆಲ್ಲಿ ಬರುತ್ತಿದ್ದರು. ಹೋದ ಜೀವ ತಣ್ಣಗಾಗಲಿ, ಮನೆಯ ಕಡೆ ತಿರುಗಿ ನೋಡದಿರಲಿ ಅಂತ. ಮೊರೆನೊಗೆ ಪಂಕಜಾ ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ತಡವರಿಸಿದಳು, ನಾನು ಸೇರಿಸಿದೆ. "ಅವನು ಹೆಣ ಸಾಗಿಸೋಕೆ ಬಂದಿಲ್ಲ ಮೇಡಂ" ಅಂದಳು ಪಂಕಜಾ. "ಕೊಂದವಳ ದೆವ್ವ ಬರುತ್ತೆ ಅಂತ ಹೆದರಿ ಬಂದಿದ್ದಾನೆ. ತುಪ್ಪ, ನವಧಾನ್ಯ ಮನೆಯಿಂದ ತಂದಿರ್ತಾನೆ. ಹಾಲು ಮನೇಲಿರಲ್ಲ, ಅದಕ್ಕೇ ಅಂಗಡಿಗೆ ಹೋಗಿದ್ದಾನೆ. ಹಾಲು ತಗೊಂಡು ಅದೇ ಜಾಗಕ್ಕೆ ವಾಪಸು ಬಂದಿದ್ದಾನೆ. ಶನಿವಾರದ ಆರು ಮೈಲಿ ಹುಡುಕಿ. ನವಧಾನ್ಯ ಮಣ್ಣಿಗೆ ಬಿದ್ದಿದ್ರೆ ಮೊಳೆತಿರುತ್ತೆ. ಆ ಗಿಡ ಹುಡುಕಿ."

ಮೊರೆನೊ ಎಲ್ಲವನ್ನೂ ಬರೆದುಕೊಂಡಳು. ಆಮೇಲೆ, ಆ ಗಿಡಗಳು ಹೇಗಿರುತ್ತವೆ ಅಂತ ನನ್ನ ಜನಕ್ಕೆ ಯಾರು ತೋರಿಸುತ್ತಾರೆ ಅಂತ ಕೇಳಿದಳು.

ಆ ಸಂಜೆಯೇ ಪಂಕಜಾ ಇಂಡಿಯನ್ ಸ್ಟೋರಿನಿಂದ ಪೂಜೆಯ ನವಧಾನ್ಯದ ಪ್ಯಾಕೆಟ್ಟು ತಂದಳು. ಗೋಧಿ, ಭತ್ತ, ತೊಗರಿ, ಹೆಸರು, ಕಡಲೆ, ಅವರೆ, ಎಳ್ಳು, ಉದ್ದು, ಹುರುಳಿ. ಒಂದೊಂದನ್ನೂ ಬೇರೆ ಮಾಡಿ, ನೆನೆಹಾಕಿ, ಒಂಬತ್ತು ಪ್ಲಾಸ್ಟಿಕ್ ಲೋಟಗಳಲ್ಲಿ ಬಿತ್ತಿ, ಮಾರ್ಕರಿನಲ್ಲಿ ಹೆಸರು ಬರೆದಳು. ಬೆಳಿಗ್ಗೆ ಬಸ್ಸಿಗೂ ತರುತ್ತಿದ್ದಳು, ಗಾಜಿನ ಹತ್ತಿರ ಬಿಸಿಲು ಚೆನ್ನಾಗಿ ಬೀಳುತ್ತದೆಂದು. ಮಕ್ಕಳು ಸೈನ್ಸ್ ಪ್ರಾಜೆಕ್ಟಾ ಅಂತ ಕೇಳಿದವು. "ಹೌದು ಕಂದ" ಅಂದಳು. ಅವಳು ಆ ಲೋಟಗಳಿಗೆ ನೀರು ಹಾಕುವಾಗ ಅವಳ ಮುಖ ನೋಡಬೇಕಿತ್ತು. ಗಿಡ ಬೆಳೆಸುವವರ ಮುಖವಾಗಿರಲಿಲ್ಲ ಅದು, ಕತ್ತಿ ಮಸೆಯುವವರ ಮುಖವಾಗಿತ್ತು. ಯಾಕೆಂದರೆ ಅವಳಿಗೆ ಇನ್ನೊಂದು ಹೆದರಿಕೆ ಹತ್ತಿಕೊಂಡಿತ್ತು. ಅಕ್ಟೋಬರ್ ಎರಡನೇ ವಾರ ಫ್ರಾಸ್ಟ್, ಅಂದರೆ ಗಿಡ ಸುಡುವ ಹೆಪ್ಪುಗಟ್ಟಿದ ಇಬ್ಬನಿ, ಬೀಳುತ್ತದೆಂದು ವೆದರ್‌ನವರು ಹೇಳುತ್ತಿದ್ದರು. "ಒಂದು ರಾತ್ರಿ ಫ್ರಾಸ್ಟ್ ಬಿದ್ರೆ ಎಲ್ಲ ಕಪ್ಪಗಾಗಿ ನೆಲ ಕಚ್ಚುತ್ತೆ. ಆಮೇಲೆ ಅವ್ನೂ ಹೋದ, ಅವ್ಳೂ ಹೋದ್ಲು" ಅನ್ನುತ್ತಿದ್ದಳು.

ಅಕ್ಟೋಬರ್ ಎಂಟು, ಶನಿವಾರ. ಕಾಡಿನಂಚಿನ ಮರಳು ಮೈದಾನದಲ್ಲಿ ಅರವತ್ತು ಜನ ಸೇರಿದ್ದರು, ಪೊಲೀಸರು, ಸ್ವಯಂಸೇವಕರು, ಎರಡು ನಾಯಿ. ತಂಡದ ಮುಖ್ಯಸ್ಥೆ ಮೂಳೆಗಳ ವಿಜ್ಞಾನಿ, ಬಿಳಿಕೂದಲಿನ ಸಣಕಲು ಹೆಂಗಸು. ನಾವಿಬ್ಬರೂ ಆಕೆಗೆ ಮೂಳೆ ಮೇಡಂ ಅಂತ ಹೆಸರಿಟ್ಟೆವು. ಆಕೆ ಪಂಕಜಾಳ ಒಂಬತ್ತು ಲೋಟಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಇಡಿಸಿ, ಪ್ರತಿಯೊಬ್ಬರೂ ಎಲೆ ಮುಟ್ಟಿ ನೋಡಿಕೊಂಡೇ ಕಾಡಿಗೆ ಇಳಿಯಬೇಕೆಂದಳು.

"ಗೋಧಿ, ಭತ್ತ ಹುಲ್ಲಿನ ಜೊತೆ ಕಲೆತುಹೋಗುತ್ತೆ" ಅಂತ ಪಂಕಜಾ ಅವರಿಗೆ ಪಾಠ ಹೇಳಿದಳು. "ಹೊರಗೆ ಸಿಕ್ಕಿದ್ದನ್ನ ಜಿಂಕೆ ತಿಂದಿರುತ್ತೆ. ಬಳ್ಳಿ ನೋಡಿ. ಒಂದು ಕಡ್ಡಿಗೆ ಮೂರು ಅಗಲದ ಎಲೆ. ಈ ಲೋಟದ್ದು, ಅವರೆ."

ಮನೆಯವರನ್ನು ಹುಡುಕುವ ಸಾಲಿಗೆ ಬಿಡುವುದಿಲ್ಲ. ನಾವು ಹಳದಿ ಟೇಪಿನ ಈಚೆ ಮಡಚುವ ಕುರ್ಚಿಗಳಲ್ಲಿ ಕೂತೆವು. ಜನ ಕೈಗೆ ಕೈ ತಾಗುವಷ್ಟು ಹತ್ತಿರ ಸಾಲು ನಿಂತು, ನೆಲ ನೋಡುತ್ತ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಅನುಮಾನ ಬಂದಲ್ಲಿ ಸಣ್ಣ ಕಿತ್ತಳೆ ಬಾವುಟ. ಮೂಳೆ ಮೇಡಂ ನಡುನಡುವೆ ಬಂದು ನಮಗೆ ಹೇಳುತ್ತಿದ್ದಳು. ಅಗೆದು ಮುಚ್ಚಿದ ಮಣ್ಣು ಕ್ರಮೇಣ ಕುಸಿದು ತಟ್ಟೆಯಂತೆ ತಗ್ಗಾಗುತ್ತದೆ, ಮೇಲಿನ ಕಪ್ಪು ಮಣ್ಣೂ ಕೆಳಗಿನ ಹಳದಿ ಮರಳೂ ಬೆರೆತಿರುತ್ತದೆ, ಸುತ್ತಲಿನ ಗಿಡಕ್ಕಿಂತ ಅಲ್ಲಿನ ಗಿಡ ಬೇರೆ ಇರುತ್ತದೆ. ಪಂಕಜಾ ಎಲ್ಲದಕ್ಕೂ ತಲೆಯಾಡಿಸಿದಳು. ಕಣ್ಣು ಮಾತ್ರ ಆ ಸಾಲಿನ ಕಾಲುಗಳ ಮೇಲಿತ್ತು. "ಅಲ್ಲಿ ಒಬ್ಬ ಬೇಗ ನಡೀತಿದಾನೆ. ಬಗ್ಗೋಕೆ ಹೇಳಿ" ಅಂತ ಮೊರೆನೊಗೆ ಎರಡು ಸಲ ದೂರಿದಳು.

ಮಧ್ಯಾಹ್ನ ಎರಡರವರೆಗೂ ಏನೂ ಇಲ್ಲ. ಸಿಕ್ಕಿದ ಮೂಳೆಗಳೆಲ್ಲ ಜಿಂಕೆಯವು. ನಾಯಿಗಳು ಸುಸ್ತಾಗಿ ನೆರಳಿಗೆ ಮಲಗಿದವು. ಎರಡೂಕಾಲಿಗೆ ಮೊರೆನೊಳ ರೇಡಿಯೋ ಗುರುಗುಟ್ಟಿತು. ಕರೆಂಟಿನ ದೊಡ್ಡ ಕಂಬಗಳು ಹಾದುಹೋಗುವ ಬಯಲಿನ ಪಕ್ಕ, ಒಣಗಿದ ಕೊಂಬೆಗಳ ರಾಶಿಯ ಮೇಲೆ ಒಂದು ಬಳ್ಳಿ ಹಬ್ಬಿದೆ, ಅದು ಅದೇನಾ ನೋಡಲು ಆ ಹೆಂಗಸನ್ನು ಕರೆತನ್ನಿ ಅಂದರು.

ಟೇಪು ಕಟ್ಟಿದ ದಾರಿಯಲ್ಲಿ ನಮ್ಮನ್ನು ನಡೆಸಿಕೊಂಡು ಹೋದರು. ಮೊರೆನೊ ಮುಂದೆ, ಪಂಕಜಾ ನಡುವೆ, ನಾನು ಹಿಂದೆ. ರಾಶಿ ಇನ್ನೂ ಇಪ್ಪತ್ತು ಹೆಜ್ಜೆ ದೂರ ಇರುವಾಗಲೇ ಪಂಕಜಾ ನಿಂತುಬಿಟ್ಟಳು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ನನಗೂ ಮೂಗಿಗೆ ಬಂತು. ಸೊಗಡು. ಡಿಸೆಂಬರಿನಲ್ಲಿ ಮಂಡ್ಯದ ಸಂತೆಗೆ ಕಾಲಿಟ್ಟರೆ ಬರುವ, ಅಂಗೈಗೆ ಅಂಟಿಕೊಂಡರೆ ಸೋಪಿಗೂ ಹೋಗದ ಅವರೆಕಾಯಿಯ ಸೊಗಡು. ನ್ಯೂಜೆರ್ಸಿಯ ಕಾಡಿನಲ್ಲಿ!

"ಅವ್ಳು ಇಲ್ಲೇ ಅವ್ಳೆ" ಅಂದಳು ಪಂಕಜಾ.

ಹೆಣ ಮುಚ್ಚಲೆಂದು ಅವನೇ ಒಟ್ಟಿದ್ದ ಒಣಕೊಂಬೆಗಳು ಬಳ್ಳಿಗೆ ಚಪ್ಪರವಾಗಿದ್ದವು, ಜಿಂಕೆಯ ಬಾಯಿಂದ ಕಾಪಾಡಿದ್ದವು. ನೇರಳೆ ಹೂವಿನ ಗೊಂಚಲು, ಎಳೆ ಕಾಯಿ. ಕೆಳಗೆ ಕೊಂಬೆಗಳ ಸಂದಿಯಲ್ಲಿ ಹುರುಳಿಯೂ ಇತ್ತು, ಎರಡು ಬಡಕಲು ತೊಗರಿ ಗಿಡವೂ ಇತ್ತು. ಪಂಕಜಾ ಒಂದೊಂದನ್ನೂ ಬೆರಳು ಮಾಡಿ ಹೆಸರು ಹೇಳಿದಳು. ಯಾರೋ ಬರೆದುಕೊಂಡರು, ಯಾರೋ ಫೋಟೋ ತೆಗೆದರು. ಆಮೇಲೆ ಬಳ್ಳಿಯ ಕಡೆ ನುಗ್ಗಿದಳು. ನಾನು ಹಿಂದಿನಿಂದ ತಬ್ಬಿ ಹಿಡಿದೆ. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ಹಲ್ಲು ಕಚ್ಚಿಕೊಂಡು "ಸಿಕ್ಕಿಬಿದ್ದ ನನ್ಮಗ, ಸಿಕ್ಕಿಬಿದ್ದ" ಅನ್ನುತ್ತಿದ್ದಳು. ನಾನೂ ಅದನ್ನೇ ಅಂದೆ. ಅಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ, ಅಲ್ಲಾ ನನ್ನನ್ನು ಕ್ಷಮಿಸಲಿ.

ಕೊಂಬೆ ತೆಗೆದು, ತೆಳ್ಳನೆಯ ಕಬ್ಬಿಣದ ಸರಳಿನಿಂದ ನೆಲಕ್ಕೆ ಅಲ್ಲಲ್ಲಿ ತೂತು ಹೊಡೆದರು. ಸುತ್ತ ಗಟ್ಟಿ, ನಡುವೆ ಸರಳು ತಾನಾಗಿ ಇಳಿಯಿತು. ಒಳಗಿನ ವಾಸನೆ ಮೇಲೆ ಬರಲಿ ಎಂದು ಅರ್ಧ ಗಂಟೆ ಕಾದು ನಾಯಿಯನ್ನು ಬಿಟ್ಟರು. ಅದು ಒಂದು ಸುತ್ತು ಹಾಕಿ, ತೂತಿನ ಪಕ್ಕ ಕೂತು, ತನ್ನ ಯಜಮಾನನ ಮುಖ ನೋಡಿತು. ಡೇರೆ ಕಟ್ಟಿದರು. ಎರಡು ದಿನ ಕರಣೆ, ಕುಂಚ ಹಿಡಿದು ಕೆರೆದರು, ಒಂದೊಂದು ಹಿಡಿ ಮಣ್ಣನ್ನೂ ಜರಡಿ ಹಿಡಿದರು. ಹಲ್ಲಿನಿಂದ ಗುರುತು ಸಿಕ್ಕಿತು. ಕತ್ತಿನ ಒಂದು ಸಣ್ಣ ಮೂಳೆ ಮುರಿದಿತ್ತು.

ಮೂಳೆ ಮೇಡಂ ಬಂದು ಪಂಕಜಾಳ ಎರಡೂ ಕೈ ಹಿಡಿದುಕೊಂಡಳು. "ಹೆಂಗೆ ಮಲಗಿಸಿದ್ದ?" ಅಂತ ಕೇಳಿದಳು ಪಂಕಜಾ. ಅಂಗಾತ, ಕೈ ಎದೆಯ ಮೇಲೆ, ತಲೆ ಸರಿಯಾಗಿ ದಕ್ಷಿಣಕ್ಕೆ ಅಂದಳು ಆಕೆ.

"ನೋಡಿದ್ಯಾ ಸಲ್ಮಕ್ಕ? ಕುತ್ತಿಗೆ ಹಿಸುಕೋಕೆ ಕೈ ಬಂತು ಅವ್ನಿಗೆ, ದಿಕ್ಕು ತಪ್ಪಿಸೋಕೆ ಬರಲಿಲ್ಲ. ಶಾಸ್ತ್ರ ಮಾಡಿದಾನೆ ನಾಯಿ, ಶಾಸ್ತ್ರ!"

ವಿಮಾನಕ್ಕೆ ನಾಲ್ಕು ದಿನ ಇರುವಾಗ, ಮಂಗಳವಾರ, ಮನ್ರೋದ ಮನೆಯಲ್ಲಿ ಅವನನ್ನು ಹಿಡಿದರು. ಕಟ್ಟಿದ ಸೂಟ್‌ಕೇಸು ಬಾಗಿಲಲ್ಲೇ ಇತ್ತು. ಪಂಕಜಾ ಬೆಂಚಿನ ಮೇಲೆ ಕೂತು ಕೇಳಿದ್ದನ್ನು ಮೊರೆನೊ ಮರೆತಿರಲಿಲ್ಲ, ಮೊದಲೇ ಫೋನ್ ಮಾಡಿದ್ದಳು. ಪಂಕಜಾ ರಸ್ತೆಯ ಆಚೆ ನಿಂತು, ಕೋಳ ಹಾಕಿಸಿಕೊಂಡು ಬಂದವನನ್ನು ಕಣ್ಣು ಮಿಟುಕಿಸದೆ ನೋಡಿದಳು. ಮರುದಿನ ಬೆಳಿಗ್ಗೆ ಏಳಕ್ಕೆ ಬಸ್ಸು ತೆಗೆದಳು.

ಮೂಳೆಗಳು ನಮ್ಮ ಕೈಗೆ ಬಂದದ್ದು ಡಿಸೆಂಬರಿನಲ್ಲಿ. ತಿಥಿ ಯಾವಾಗ, ಎಷ್ಟು ಜನಕ್ಕೆ ಊಟ ಅಂತ ನಮ್ಮ ಜನ ಕೇಳಿದರು. ಓಡಿಹೋದಳು ಅಂದ ಬಾಯಿಗಳೇ ಈಗ "ಪಾಪ" ಅನ್ನುತ್ತಿದ್ದವು. ಪಂಕಜಾ ಒಬ್ಬೊಬ್ಬರಿಗೂ ಒಂದೇ ಉತ್ತರ ಕೊಟ್ಟಳು. "ಏನೂ ಮಾಡಿಸಲ್ಲ. ಯಾವ ಶಾಸ್ತ್ರಾನೂ ಇಲ್ಲ." ಜನ ಮುಖ ಮುಖ ನೋಡಿಕೊಂಡರು. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡರು.

ಆದರೆ ಒಂದು ಬೆಳಿಗ್ಗೆ ಸ್ಮಶಾನದಲ್ಲಿ ಗುಂಡಿಯ ಸುತ್ತ ನಾವು ಮೂವರೇ ಇದ್ದೆವು, ಪಂಕಜಾ, ಹರಿ, ನಾನು. ಹೊಸ ಸೀರೆ ಹೊದಿಸಿ ಮಣ್ಣು ಮಾಡಿದೆವು. ಮೂರನೇ ದಿನ ಮತ್ತೆ ಹೋದೆವು. ಪಂಕಜಾ ಹಿಂದಿನ ರಾತ್ರಿ ಬೆಣ್ಣೆ ಕಾಸಿ ತುಪ್ಪ ಮಾಡಿದ್ದಳು, ಆ ಡಬ್ಬಿ ನನ್ನ ಕೈಯಲ್ಲಿತ್ತು. ಹಾಲು ಬಿಟ್ಟಳು, ತುಪ್ಪ ಬಿಟ್ಟಳು. ಆಗ ಅತ್ತಳು, ಏಳು ತಿಂಗಳ ಅಳು. ನಾನು ಪಕ್ಕದಲ್ಲಿ ನಿಂತು ನನಗೆ ಬರುವ ಫಾತಿಹಾ ಓದಿದೆ. ಹನ್ನೊಂದನೇ ದಿನ ಮನೆಯ ಬಾಗಿಲು ಹಾಕಿಕೊಂಡು ಎಡೆ ಇಟ್ಟು ತಿಥಿಯನ್ನೂ ಮುಗಿಸಿದಳು. ಸಿಂಧುಗೆ ಇಷ್ಟವಾದದ್ದು ಒಂದೂ ಬಿಟ್ಟಿರಲಿಲ್ಲ. ಊಟ ಮಾಡಿ ಕೈ ತೊಳೆಯುವಾಗ "ಯಾರಿಗೂ ಹೇಳ್ಬ್ಯಾಡ ಸಲ್ಮಕ್ಕ" ಅಂದಳು. ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಒಂದೂವರೆ ವರ್ಷದ ಮೇಲೆ, ಕೋರ್ಟಿನಲ್ಲಿ. ವಿಕ್ರಾಂತ್ ತಪ್ಪೊಪ್ಪಿಕೊಂಡಿದ್ದ, ಇಪ್ಪತ್ತಾರು ವರ್ಷ ಜೈಲು ಅಂತ ಮಾತಾಗಿತ್ತು. ಅವನ ವಕೀಲ ಎದ್ದು ನಿಂತು, ನನ್ನ ಕಕ್ಷಿದಾರ ಹೆಂಡತಿಯ ಅಂತ್ಯಸಂಸ್ಕಾರವನ್ನು ತನ್ನ ಸಂಪ್ರದಾಯದಂತೆ ಪ್ರೀತಿಯಿಂದ ಮಾಡಿದ್ದಾನೆ ಅಂದ. ಪ್ರೀತಿಯಂತೆ! ನಾನು ಕೂತಲ್ಲೇ ಉರಿದುಹೋದೆ. ಆಮೇಲೆ ಪಂಕಜಾಳ ಸರದಿ. ಜಡ್ಜಿಗೆ ಇಂಗ್ಲಿಷಿನಲ್ಲಿ ಎರಡು ಪುಟ ಓದಿದಳು. ಕೊನೆಯ ಮಾತು ಕನ್ನಡದಲ್ಲಿ ಹೇಳುತ್ತೇನೆ ಅಂತ ಅನುಮತಿ ಕೇಳಿ, ಅವನ ಕಡೆ ತಿರುಗಿದಳು.

"ಹಾಲು-ತುಪ್ಪ ಬಿಟ್ಟು ಕಳಿಸಿಬಿಟ್ಟೆ ಅಂದ್ಕೊಂಡ್ಯಾ ಅವ್ಳನ್ನ? ಕೊಂದ ಕೈಯಿಂದ ಬಿಟ್ಟಿದ್ದು ಅವ್ಳಿಗೆ ಮುಟ್ಟಲ್ಲ. ನಾನು ಬಿಡಬೇಕು. ನಾನು ಬಿಟ್ಟಿಲ್ಲ. ಬಿಡೋದೂ ಇಲ್ಲ. ಅವ್ಳು ಎಲ್ಲೂ ಹೋಗಿಲ್ಲ ಕಣೋ."

ಅ​ಷ್ಟು ಹೊತ್ತು ಮೇಜು ನೋಡುತ್ತಿದ್ದವನು ತಲೆ ಎತ್ತಿದ. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅವನ ಮುಖದ ರಕ್ತ ಇಳಿದಿತ್ತು. ಇಪ್ಪತ್ತಾರು ವರ್ಷ ಅಂದಾಗಲೂ ಆ ಮುಖ ಹಾಗಾಗಿರಲಿಲ್ಲ.

ಕಳೆದ ತಿಂಗಳು, ಒಂದು ಭಾನುವಾರ, ನನ್ನ ಫೋನು ಹೊಡೆದುಕೊಂಡಿತು. ಇಂಡಿಯಾ ನಂಬರು. ನಿಂಗಮ್ಮ. ವಿಕ್ರಾಂತನ ತಾಯಿ.

"ಸಲ್ಮಮ್ಮ, ಪಂಕಜಾ ನನ್ನ ಫೋನ್ ಎತ್ತಲ್ಲ. ಎತ್ತೋದೂ ಬ್ಯಾಡ, ಯಾವ ಮುಖ ಇಟ್ಕೊಂಡು ಮಾತಾಡ್ಲಿ? ನನ್ಮಗ ಮಾಡಿದ್ದಕ್ಕೆ ಅವ್ನು ಒಳಗೇ ಇರ್ಲಿ, ನಾನು ಬುಡ್ಸಿ ಅಂತ ಕೇಳಲ್ಲ. ಆದ್ರೆ ಮಲಗ್ತಿಲ್ಲವಂತೆ ಕಣವ್ವ. ಕಣ್ಣು ಮುಚ್ಚಿದ್ರೆ ಕಾಲ್ದೆಸೇಲಿ ಬಂದು ನಿಲ್ತಾಳಂತೆ. ಇಪ್ಪತ್ತು ಕೇಜಿ ಇಳ್ದವ್ನೆ. ಫೋನ್ ಮಾಡ್ದಾಗೆಲ್ಲ ಒಂದೇ ಕೇಳ್ತಾನೆ, ತಿಥಿ ಆಯ್ತಾ ಅವ್ವ, ಹಾಲು-ತುಪ್ಪ ಆಯ್ತಾ ಅಂತ." ಆಕೆ ಅತ್ತರು. "ನೀವು ಐದೊತ್ತು ನಮಾಜು ಮಾಡೋರು, ಸುಳ್ಳು ಹೇಳೋರಲ್ಲ. ನಿಮ್ಮ ದೇವ್ರ ಮೇಲೆ ಆಣೆ ಇಟ್ಟು ಹೇಳಿ. ಒಳಗೊಳಗೇ ಏನಾದ್ರೂ ಮಾಡಿದ್ಲಾ ಪಂಕಜಾ? ಆಯ್ತು ಅಂತ ಒಂದು ಮಾತು ಹೇಳಿ, ಅವ್ನಿಗೆ ಹೇಳಿಬಿಡ್ತೀನಿ."

ನನ್ನ ಮುಂದೆ ಆಗ ತಾನೇ ನಮಾಜು ಮುಗಿಸಿ ಮಡಚಿಟ್ಟ ಜಾನಮಾಜು ಇತ್ತು. ಈ ಹೆಂಗಸು ನನಗೆ ಕೆಟ್ಟದ್ದು ಮಾಡಿದವರಲ್ಲ. ಹೌದು ಅಂದರೆ ನಿಜ ಹೇಳಿದಂತಾಗುತ್ತಿತ್ತು, ಒಬ್ಬ ತಾಯಿಯ ಕಣ್ಣೀರೂ ನಿಲ್ಲುತ್ತಿತ್ತು. ನೀಲಿಗಟ್ಟಿದ ಆ ತೋಳು ನಾನು ಕಣ್ಣಾರೆ ಕಂಡಿರಲಿಲ್ಲ, ಕೇಳಿದ್ದೆ ಅಷ್ಟೇ. ಆದರೂ ಅದೇ ಕಾಣಿಸಿತು.

"ಅಲ್ಲಾನ ಆಣೆ ನಿಂಗಮ್ಮ" ಅಂದೆ. "ಏನೂ ಆಗಿಲ್ಲ."